ಉನಾಯ್ಸಿಯ ಐವತ್ತೈದು ನಿಮಿಷ

ಒಂದು ದೇಶದಿಂದ ಬಂದ ವಿಮಾನ ಇಳಿದು, ಐವತ್ತೈದು ನಿಮಿಷದಲ್ಲಿ ಇನ್ನೊಂದು ದೇಶದ ವಿಮಾನ ಹತ್ತಬಹುದು ಎಂದು ಟಿಕೆಟ್ ಮಾರುವವರನ್ನು ನಮ್ಮ ಫಿಜಿಯ ನಾಂದಿ ವಿಮಾನ ನಿಲ್ದಾಣಕ್ಕೆ ಕರೆತರಬೇಕು. ಇಬ್ಬರು ಮಕ್ಕಳು, ಮೂರು ಚಾಪೆ ಸುರುಳಿ, ಮಂಡಿನೋವಿನ ಒಬ್ಬ ಅತ್ತೆಯನ್ನು ಒಪ್ಪಿಸಿ ಓಡಿ ಅನ್ನಬೇಕು. ಅವರಿಂದ ಆಗುವುದಿಲ್ಲ. ಆದರೂ ಇಪ್ಪತ್ತೆರಡು ವರ್ಷದಿಂದ ಇಲ್ಲಿ ಜನ ಓಡಿ ಹತ್ತುತ್ತಲೇ ಇದ್ದರು. ಅದಕ್ಕೆ ಕಾರಣ ಉನಾಯ್ಸಿ.

ಅವಳ ಕೆಲಸ ಇಷ್ಟೇ. ಕಿವಿ ಹಿಂದೆ ಹೂವು, ಕೈಯಲ್ಲಿ ಊರ ಹೆಸರಿನ ಹಲಗೆ ಹಿಡಿದು ಇಳಿಯುವವರ ಬಾಗಿಲಲ್ಲಿ ನಿಲ್ಲುವುದು, ಗಡಿಬಿಡಿಯವರನ್ನು ಒಟ್ಟು ಹಾಕಿ ಮುಂದಿನ ಬಾಗಿಲಿಗೆ ಮುಟ್ಟಿಸುವುದು. ನಡುದಾರಿಯಲ್ಲಿ ಚೀಲ ನೋಡುವ ಯಂತ್ರದ ಮುಂದೆ ಕೂತವನು ನಾನು. "ಅಣ್ಣ, ಹನ್ನೊಂದೇ ನಿಮಿಷ ಇರೋದು. ಆಕಳಿಸೋದು ಆಮೇಲೆ ಆಕಳಿಸು" ಎಂದು ದೂರದಿಂದಲೇ ಶುರು ಮಾಡುತ್ತಿದ್ದಳು. ಒಬ್ಬರಿಗೂ ವಿಮಾನ ತಪ್ಪಲು ಬಿಟ್ಟವಳಲ್ಲ. ಸ್ವತಃ ಒಂದು ದಿನವೂ ವಿಮಾನದಲ್ಲಿ ಕೂತವಳೂ ಅಲ್ಲ.

ಅವಳ ಒಬ್ಬಳೇ ಮಗಳು ಲಿತಿಯಾ ಸಮೋವಾದ ಹುಡುಗನನ್ನು ಮದುವೆಯಾಗಿ ಸಿಡ್ನಿಯಲ್ಲಿದ್ದಳು. ಆರು ವರ್ಷದಿಂದ ಬಂದಿರಲಿಲ್ಲ. ನಾಲ್ಕು ವರ್ಷದ ಮೊಮ್ಮಗಳು ಸೀನಾಳನ್ನು ಉನಾಯ್ಸಿ ಫೋನಿನಲ್ಲಿ ಮಾತ್ರ ನೋಡಿದ್ದಳು. ಕಳೆದ ವರ್ಷ ಸಮೋವಾದ ಅಪಿಯಾದಲ್ಲಿ ಲಿತಿಯಾಳ ಮಾವ ತೀರಿಕೊಂಡರು. ಮಣ್ಣು ಶನಿವಾರ. ಅಲ್ಲಿಯ ಪದ್ಧತಿಯಂತೆ ಹಿರಿಸೊಸೆ ಸಾವಿನ ಮನೆಗೆ ಚಾಪೆ ಒಪ್ಪಿಸಿ ನಿಲ್ಲದಿದ್ದರೆ ಬದುಕಿಡೀ ಆಡಿಕೊಳ್ಳುತ್ತಾರೆ. ಗಂಡ ಮೊದಲೇ ಹೊರಟುಹೋಗಿದ್ದ. ಅವಳಿಗೂ ಮಗುವಿಗೂ ಸಿಕ್ಕಿದ್ದು ಒಂದೇ ವಿಮಾನ, ಶುಕ್ರವಾರದ್ದು, ನಾಂದಿಯಲ್ಲಿ ಐವತ್ತೈದು ನಿಮಿಷ. ಅದು ತಪ್ಪಿದರೆ ಮುಂದಿನದು ಸೋಮವಾರ.

ಉನಾಯ್ಸಿ ಲೆಕ್ಕ ಹಾಕಿಬಿಟ್ಟಳು. ನಡೆಯಲು ಹತ್ತು, ನನ್ನ ಯಂತ್ರಕ್ಕೆ ಹತ್ತು, ಬಾಗಿಲು ಮುಚ್ಚುವುದು ವಿಮಾನ ಹೊರಡುವ ಹದಿನೈದು ನಿಮಿಷ ಮೊದಲು. ಉಳಿದ ಇಪ್ಪತ್ತು ನಿಮಿಷ ಅಜ್ಜಿ ಮೊಮ್ಮಗಳಿಗೆ. ಎಲ್ಲಿ ಕೂರುವುದೆಂದು ಬೆಂಚನ್ನೂ ಗೊತ್ತು ಮಾಡಿದಳು.

"ಇದೊಂದು ಸಲ ತಪ್ಪಿಸಿಬಿಡು" ಎಂದೆ. "ಇಪ್ಪತ್ತೆರಡು ವರ್ಷದಲ್ಲಿ ಒಂದು. ಯಾರು ಕೇಳ್ತಾರೆ? ಮಗು ಮೂರು ದಿನ ನಿನ್ ಮನೇಲಿರುತ್ತೆ."

"ಆಮೇಲೆ ಬೀಗರ ಮನೇಲಿ ನನ್ ಮಗಳು ಮುಖ ಎಲ್ಲಿಟ್ಕೊಳ್ಳೋದು? ನಿಂಗೇನು, ಇನ್ನೊಬ್ಬರ ಚೀಲದೊಳಗೆ ಇಣುಕೋದೊಂದೇ ಗೊತ್ತು."

ಶುಕ್ರವಾರ ಮಧ್ಯಾಹ್ನ ಸಿಡ್ನಿಯ ವಿಮಾನ ಇಪ್ಪತ್ತೆರಡು ನಿಮಿಷ ತಡವಾಗಿ ಇಳಿಯಿತು. ಆ ಇಪ್ಪತ್ತು ಅಲ್ಲೇ ಹೋಯಿತು, ಮೇಲೆ ಎರಡು ಸಾಲ.

ಅದರಿಂದ ಇಳಿದು ಅಪಿಯಾಕ್ಕೆ ಹೋಗುವವರು ಮೂವರು. ಲಿತಿಯಾ, ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದ ಸೀನಾ, ಜೊತೆಗೆ ತವಿತ ಎಂಬ ಭಾರೀ ಗಾತ್ರದ ಮುದಿ ಪಾದ್ರಿ. ತಾಯಿ ಮಗಳು ತಬ್ಬಿಕೊಂಡರು, ಹಲಗೆ ನಡುವೆ ಸಿಕ್ಕಿಕೊಂಡಿತು. "ಅಳೋದೆಲ್ಲ ನಡೀತಾ ಅಳು" ಎಂದಳು ಉನಾಯ್ಸಿ. ಪಾದ್ರಿ ಮಾತ್ರ ಮಂಡಿನೋವಿನಲ್ಲಿ ಹೆಜ್ಜೆಗೊಂದು ಉಸಿರು ಬಿಡುತ್ತಿದ್ದರು. ನಮ್ಮ ದ್ವೀಪಗಳಲ್ಲಿ ಹಿರಿಯರಿಗೆ, ಅದರಲ್ಲೂ ಪಾದ್ರಿಗಳಿಗೆ, ಬೇಗ ನಡೀರಿ ಎನ್ನುವ ಹಾಗಿಲ್ಲ. ಬಿಟ್ಟು ಹೋಗುವುದಂತೂ ದೂರದ ಮಾತು. ಇಂಥವರಿಗೆಂದೇ ಉನಾಯ್ಸಿ ಒಂದು ಸುಳ್ಳು ಸಾಕಿಕೊಂಡಿದ್ದಳು.

"ಅಯ್ಯನೋರೆ, ಎಲ್ಲರೂ ಕೂತಾಗಿದೆ. ಪ್ರಾರ್ಥನೆಗೆ ನಿಮ್ಮನ್ನೇ ಕಾಯ್ತಿದ್ದಾರಂತೆ."

"ನನ್ನನ್ನಾ?" ಎಂದರು ಪಾದ್ರಿ. ಮರುಕ್ಷಣ ಅವರ ಮಂಡಿನೋವು ಎಲ್ಲಿ ಹೋಯಿತೋ ದೇವರೇ ಬಲ್ಲ.

ನನ್ನ ಯಂತ್ರದ ಹತ್ತಿರ ಸೀನಾ ಎಚ್ಚರಗೊಂಡು ಕೆಳಗಿಳಿಯಿತು. ಕಣ್ಣುಜ್ಜಿಕೊಂಡು ಅಲ್ಲಿದ್ದ ಗಾಜಿನ ಮೀನಿನ ತೊಟ್ಟಿಯ ಮುಂದೆ ನಿಂತುಬಿಟ್ಟಿತು. ಮಗು ಅಂದರೆ ಹಾಗೇ. ಉನಾಯ್ಸಿಯ ಬಾಯಿಂದ ಬಂದದ್ದು ಅಜ್ಜಿಯ ದನಿಯಲ್ಲ, ಇಪ್ಪತ್ತೆರಡು ವರ್ಷದ ಅಭ್ಯಾಸದ ದನಿ. "ಏಯ್, ನಿಲ್ಬಾರ್ದು ಇಲ್ಲಿ. ನಡಿ ಅಂದ್ರೆ ನಡಿ." ಮಗು ಗಾಬರಿಯಾಯಿತು. ಅಳುವ ಮೊದಲೇ ಅದನ್ನು ಕಂಕುಳಲ್ಲಿ ಎತ್ತಿಕೊಂಡು ಓಡಿದಳು. ನಾನು ಅವರ ಒಂದು ಚೀಲವನ್ನೂ ತೆರೆಸಲಿಲ್ಲ. ನನ್ನ ಮೇಲಿನವರಿಗೆ ಇದು ತಿಳಿಯುವುದು ಬೇಡ.

ಬಾಗಿಲು ಮುಚ್ಚಲು ಮೂರು ನಿಮಿಷ ಇರುವಾಗ ಮುಟ್ಟಿದರು. ಮೂರು ನಿಮಿಷ ಕೂರೋಣ ಎಂದರೆ ಅಲ್ಲಿಯ ಹುಡುಗಿ ಬಿಡಬೇಕಲ್ಲ. "ಕೊನೆಯವರು ನೀವೇ, ಬನ್ನಿ ಬನ್ನಿ" ಎಂದು ಮೂವರನ್ನೂ ಒಳಗೆ ಅಟ್ಟಿದಳು. ಬಾಗಿಲಿನವರಿಗೆ ಈ ಅವಸರ ಕಲಿಸಿದವಳೂ ಉನಾಯ್ಸಿಯೇ.

ನಾನು ಪಾಳಿ ಮುಗಿಸಿ ಹೋದಾಗ ಅವಳು ಗಾಜಿನ ಗೋಡೆಗೆ ಒರಗಿ ನಿಂತಿದ್ದಳು. ಆಚೆ ಅದೇ ವಿಮಾನ, ಮೂವತ್ತು ಹೆಜ್ಜೆ ದೂರದಲ್ಲಿ, ಅಲ್ಲಾಡದೆ.

"ಯಾಕೆ ಹೋಗಿಲ್ಲ?"

"ಅಯ್ಯನೋರು ಪ್ರಾರ್ಥನೆ ಮಾಡ್ತಿದ್ದಾರೆ" ಎಂದಳು. ಫೋನಿನಲ್ಲಿ ಲಿತಿಯಾ ಪಿಸುಗುಡುತ್ತಿದ್ದಳು. ಪಾದ್ರಿ ಒಳಗೆ ಹೋದವರೇ ನಡುವೆ ನಿಂತು ಕಣ್ಣು ಮುಚ್ಚಿದ್ದಾರೆ. ಎಲ್ಲರೂ ತಲೆ ತಗ್ಗಿಸಿದ್ದಾರೆ, ಗಗನಸಖಿಯರೂ ಸೇರಿ. ಪ್ರಾರ್ಥನೆಯಲ್ಲಿರುವವರನ್ನು ಕೂತ್ಕೊಳ್ಳಿ ಎನ್ನಲು ಯಾರಿಗೆ ಧೈರ್ಯ? ರೆಕ್ಕೆ, ಎಂಜಿನ್ನು, ಸತ್ತವರು, ಸರ್ಕಾರ ಎಲ್ಲ ಮುಗಿದು ಈಗ ಮೀನುಗಾರರಿಗೆ ಬಂದಿದ್ದಾರೆ. ಅಷ್ಟರಲ್ಲಿ ಹೊರಡುವ ಸರದಿಯೂ ತಪ್ಪಿ, ಇನ್ನರ್ಧ ಗಂಟೆ ಕಾಯಬೇಕಂತೆ. ಹತ್ತಿದವರನ್ನು ಮತ್ತೆ ಇಳಿಸುವ ಹಾಗಿಲ್ಲ, ಉನಾಯ್ಸಿ ಒಳಗೆ ಹೋಗುವ ಹಾಗಿಲ್ಲ. ಒಟ್ಟು ಐವತ್ತು ನಿಮಿಷ ತಡ.

"ಮಗೂಗೆ ಕೊಡು" ಎಂದಳು ಉನಾಯ್ಸಿ. ಫೋನು ಗಟ್ಟಿದನಿಯದು, ನನಗೂ ಕೇಳಿಸಿತು.

"ಅಜ್ಜಿ, ನೀನ್ಯಾಕೆ ಬರ್ಲಿಲ್ಲ? ಏರ್‌ಪೋರ್ಟಿಗೆ ಬರ್ತೀಯ ಅಂದಿದ್ಳು ಅಮ್ಮ."

ಉನಾಯ್ಸಿ ಗಾಜಿಗೆ ಹಣೆ ಹಚ್ಚಿದಳು. ಆ ಸಾಲು ಕಿಟಕಿಗಳಲ್ಲಿ ಮಗು ಯಾವುದರ ಹಿಂದಿದೆಯೋ ಕಾಣುತ್ತಿರಲಿಲ್ಲ.

"ಬರೀ ಒಬ್ಳು ಹಲಗೆ ಹೆಂಗಸು ಇದ್ಳು" ಎಂದಿತು ಮಗು. "ನಂಗೆ ಬೈದ್ಳು."

"ಹೌದಾ? ಕೆಟ್ಟವಳು ಅವಳು" ಎಂದಳು ಉನಾಯ್ಸಿ. ಹಲಗೆಯನ್ನು ಗೋಡೆಗೆ ತಿರುಗಿಸಿಟ್ಟು, "ನಂಗೆ ಕೆಲಸ ಇತ್ತು ಕಂದ" ಎಂದಳು.