ಹೊಲಿಗೆ ಎಂಬ ರೌಡಿ

ಅವರನ್ನು ನಾನು ಮೊದಲು ದರ್ಜಿ ಎಂದು ತಿಳಿದಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ಸಿನಿಮಾ ಹರಟೆಗೆಂದೇ ಇರುವ ನಮ್ಮ ಆನ್‌ಲೈನ್ ಕಟ್ಟೆಯಲ್ಲಿ ಅವರು ಇಟ್ಟುಕೊಂಡಿದ್ದ ಹೆಸರು ‘ಹೊಲಿಗೆ’. ಫೋಟೋ ಇರಬೇಕಾದ ಜಾಗದಲ್ಲಿ ಒಂದು ಬಾಗಿದ ಸೂಜಿ. ಆ ದಿನಗಳಲ್ಲಿ ನನ್ನ ಪ್ಯಾಂಟುಗಳೆಲ್ಲ ಸೊಂಟದ ಹತ್ತಿರ ನನ್ನೊಂದಿಗೆ ಮಾತು ಬಿಟ್ಟಿದ್ದವು. ಖಾಸಗಿಯಾಗಿ ಒಂದು ಸಂದೇಶ ಕಳಿಸಿದೆ: ಹೊಟ್ಟೆಯ ಹತ್ತಿರ ಎರಡು ಇಂಚು ಬಿಟ್ಟುಕೊಂಡಿದೆ, ಹೊಲಿದುಕೊಡಲು ಆಗುತ್ತದೆಯೇ?

ಉತ್ತರ ಕೂಡಲೇ ಬಂತು. “ಎಷ್ಟು ಆಳ ಸೀಳಿದೆ? ಕರುಳು ಕಾಣ್ತಿದೆಯಾ? ಒದ್ದೆ ಬಟ್ಟೆ ಮುಚ್ಚಿ ಬೇಗ ಬನ್ನಿ.”

ಪರಿಚಯವಾದದ್ದು ಹೀಗೆ. ಅವರು ಆಸ್ಪತ್ರೆಯೊಂದರ ಅಪಘಾತ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸು. ಚರ್ಮದ ಮೇಲಿನ ಹೊಲಿಗೆಯನ್ನು ಡಾಕ್ಟರುಗಳು ಇವರಿಗೇ ಬಿಡುತ್ತಿದ್ದರು. ಒಡೆದ ಬಾಟಲಿ, ಸೈಕಲ್ ಚೈನು, ಅಣ್ಣ ತಮ್ಮನಿಗೆ ಬೀಸಿದ ಸಲಿಕೆ, ಹೆಂಡತಿಯ ತೋಳಲ್ಲಿ ಮೂಡಿದ ಗಂಡನ ಹಲ್ಲು, ಎಲ್ಲವೂ ಇವರ ಮೇಜಿಗೇ ಬರಬೇಕು. ಗಾಯದ ಅಂಚು ನೋಡಿದರೆ ಸಾಕು, ಹೊಡೆದವನು ಎಡಗೈಯವನೋ ಬಲಗೈಯವನೋ ಹೇಳಿಬಿಡುತ್ತಿದ್ದರು. ಕೈ ತೊಳೆದು, ಔಷಧಿ ಬೀರುವಿನ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಮೆಂಟು ಬರೆಯುವುದು ಅವರ ವಿಶ್ರಾಂತಿ. ಬರೆಯುವುದೆಲ್ಲ ರಕ್ತದ ಬಗ್ಗೆಯೇ. ನಾಯಕನಿಗೆ ಎಡಭುಜಕ್ಕೆ ಗುಂಡು ಬಿದ್ದಿತ್ತು, ಹಾಡು ಮುಗಿಯುವಷ್ಟರಲ್ಲಿ ಬ್ಯಾಂಡೇಜು ಬಲಭುಜಕ್ಕೆ ನಡೆದುಕೊಂಡು ಹೋಗಿದೆ ಎಂದು ಮೊದಲು ಕಂಡುಹಿಡಿದವರು ಇವರೇ. ಬರಹದ ಗತ್ತು ನೋಡಿ ಕಟ್ಟೆಯ ಜನ ‘ಹೊಲಿಗೆ ಅಣ್ಣ’ ಎಂದೇ ಕರೆಯುತ್ತಿದ್ದರು. ಅವರು ತಿದ್ದಲಿಲ್ಲ. ಅಕ್ಕ ಎಂದು ಗೊತ್ತಾದರೆ ಮದುವೆ ಆಗಿದೆಯಾ ಅಂತ ಶುರುಮಾಡ್ತಾರೆ ಎಂದು ನನ್ನ ಹತ್ತಿರ ಹೇಳಿದ್ದರು.

ಕಟ್ಟೆಯಲ್ಲಿ ಎರಡು ಸೇನೆ. ಒಂದು, ಮೀಸೆ ತಿರುವುವ ನಾಯಕನದು. ಇನ್ನೊಂದು, ಕಪ್ಪು ಕನ್ನಡಕ ತೆಗೆಯದ ನಾಯಕನದು. ಇಬ್ಬರ ಚಿತ್ರಗಳೂ ಒಂದೇ ವಾರ ತೆರೆಗೆ ಬಂದಾಗ ಮೊದಲು ತಾಯಂದಿರ ವಿಷಯ ಬಂತು, ಆಮೇಲೆ ಕೈಕಾಲಿನ ವಿಷಯ. ಭಾನುವಾರ ಸಂಜೆ ಐದಕ್ಕೆ ಚಿತ್ರಮಂದಿರದ ಹಿಂದೆ ಬನ್ನಿ, ಮೂಳೆ ಎಣಿಸಿ ಮುರಿಯುತ್ತೇವೆ ಎಂದು ಕನ್ನಡಕದವರು ಬರೆದರು. ಕಟ್ಟೆಯ ಅಧ್ಯಕ್ಷರು ಹಾಸಿಗೆ ಅಂಗಡಿ ಇಟ್ಟಿರುವ ಶಾಂತಿಪ್ರಿಯರು. ‘ಮುರಿಯುತ್ತೇವೆ’ ಎಂಬುದು ಸಭ್ಯವಲ್ಲ, ‘ವಿಚಾರಿಸಿಕೊಳ್ಳುತ್ತೇವೆ’ ಎಂದು ಬಳಸಿ ಎಂದು ಪ್ರಕಟಣೆ ಹೊರಡಿಸಿದರು.

ಅದರ ಕೆಳಗೆ ಹೊಲಿಗೆ ಬರೆದರು: “ಭಾನುವಾರ ನಾನೂ ಇರ್ತೀನಿ. ಎಷ್ಟು ಜನ ಬಂದ್ರೂ ಒಬ್ಬೊಬ್ಬರನ್ನೇ ಮಲಗಿಸಿ ಹೊಲಿದು ಕಳಿಸ್ತೀನಿ.”

ಭಾನುವಾರ ಅವರಿಗೆ ಡ್ಯೂಟಿ ಇತ್ತು. ಹೇಳಿದ್ದು ಅಷ್ಟೇ. ಅವರ ವಾರ್ಡಿನಲ್ಲಿ ಮಲಗಿಸುವುದೆಂದರೆ ಮೇಜಿನ ಮೇಲೆ. ಬೀದಿಯಲ್ಲಿ ಮಲಗಿಸುವುದೆಂದರೆ ಏನು ಎಂಬುದು ಅವರಿಗೆ ಹೊಳೆಯಲಿಲ್ಲ. ಎರಡೂ ಅರ್ಥ ಗೊತ್ತಿದ್ದವನು ನಾನೊಬ್ಬನೇ; ನಗುವ ಮುಖ ಒತ್ತಿ ಊಟಕ್ಕೆ ಎದ್ದುಹೋದೆ. ಮೀಸೆಯವರ ಪೈಕಿ ಎಲ್ಲರಿಗಿಂತ ಜೋರು ಗಂಟಲಿನವನೊಬ್ಬ, ಹೊಲಿಗೆ ಅಣ್ಣ ನಮ್ಮ ಕಡೆ ಇದ್ದಾನೆ, ಧೈರ್ಯ ಇದ್ದರೆ ಬನ್ನಿ ಎಂದು ಸೇರಿಸಿದ. ಆ ಗಂಟಲು ಹೊಲಿಗೆಯವರ ಸ್ವಂತ ತಮ್ಮನದು. ಒಂದೇ ಮನೆ, ಒಂದೇ ಸೋಫಾ, ಆ ತುದಿಗೊಂದು ಈ ತುದಿಗೊಂದು ಫೋನು. ಅಕ್ಕನೇ ಹೊಲಿಗೆ ಎಂದು ಅವನಿಗೆ ಗೊತ್ತಿಲ್ಲ. ಗಂಟಲು ತಮ್ಮನದೆಂದು ಇವರಿಗೂ ಗೊತ್ತಿಲ್ಲ.

ಈ ತಮ್ಮ ಒಂದು ಕಟಿಂಗ್ ಅಂಗಡಿಯಲ್ಲಿ ಕೆಲಸಗಾರ. ಮೀಸೆಯನ್ನು ಆ ನಾಯಕನ ಹಾಗೆ ತಿದ್ದುವುದರಲ್ಲಿ ಅವನ ಕೈ ಬಿಟ್ಟರೆ ಬೇರೆ ಇಲ್ಲ ಎಂದು ಗಿರಾಕಿಗಳು ಸಾಲುಗಟ್ಟುತ್ತಿದ್ದರು.

ಭಾನುವಾರ ಐದಕ್ಕೆ ಕನ್ನಡಕದ ಕಡೆ ಹನ್ನೊಂದು ಜನ, ಮೀಸೆಯ ಕಡೆ ಒಂಬತ್ತು. ಮೊದಲ ಐದು ನಿಮಿಷ ಡೈಲಾಗು ಮಾತ್ರ ಹೊಡೆದಾಡಿದವು. ಆಮೇಲೆ ಯಾರೋ ಹೆಲ್ಮೆಟ್ ಬೀಸಿದರು. ಎರಡು ಹಲ್ಲು ಡಾಂಬರಿನ ಮೇಲೆ ಉರುಳಿದವು. ಒಬ್ಬನನ್ನು ಕೆಡವಿ ಪಕ್ಕೆಲುಬಿಗೆ ಬೂಟುಗಾಲಿನಲ್ಲಿ ಒದ್ದರು. ಅವನು ಉಸಿರು ಸಿಗದೆ ಮಣ್ಣು ಕಚ್ಚುತ್ತಿದ್ದ. ಆಗ ಕನ್ನಡಕದ ಕಡೆಯ ಹುಡುಗನೊಬ್ಬ ಚಾಕು ತೆಗೆದು, ನಿಮ್ಮಲ್ಲಿ ಹೊಲಿಗೆ ಯಾವನೋ ಎಂದು ಕೇಳಿದ. ಮೀಸೆ ತಿರುವಿ ಮುಂದೆ ಬಂದವನು ತಮ್ಮ.

“ನಾನೇ ಅಂದ್ಕೋ.”

ಚಾಕು ಹೊಟ್ಟೆಗೆ ಬಂತು. ಬಲಗೈ ಅಡ್ಡ ಕೊಟ್ಟು ತಮ್ಮ ಅಲಗನ್ನೇ ಹಿಡಿದುಕೊಂಡ. ಹುಡುಗ ಎಳೆದ. ಮೀಸೆಯ ಪೈಕಿಯವನೊಬ್ಬ ಇಟ್ಟಿಗೆಯಿಂದ ಆ ಹುಡುಗನ ತಲೆ ಒಡೆದ.

ಅಕ್ಕನ ಆಸ್ಪತ್ರೆಗೆ ತಮ್ಮ ಬಂದದ್ದು ನಾಯಕನ ಚಿತ್ರವಿರುವ ಟೀ ಶರ್ಟನ್ನು ಕೈಗೆ ಸುತ್ತಿಕೊಂಡು. ಬಟ್ಟೆ ಹಿಂಡಿದರೆ ಸುರಿಯುವಷ್ಟು ಒದ್ದೆ. ಅಕ್ಕ ಬಿಚ್ಚಿ ನೋಡಿದರು. ಅಂಗೈ ತೆರೆದ ಪರ್ಸಿನ ಹಾಗಿತ್ತು. ಒಳಗೆ ಬಿಳಿಯ ಸ್ನಾಯುರಜ್ಜುಗಳ ತುದಿಗಳು ಕಾಣುತ್ತಿದ್ದವು.

“ಬೆರಳು ಮಡಚು,” ಎಂದರು.

“ಮಡಚ್ತಾ ಇದೀನಲ್ಲ ಅಕ್ಕ,” ಎಂದ ತಮ್ಮ, ಚಾವಣಿ ನೋಡುತ್ತ.

ಹೆಬ್ಬೆರಳು, ತೋರುಬೆರಳು ಅಲ್ಲಾಡಲಿಲ್ಲ. ಕತ್ತರಿ ಹಿಡಿಯುವ ಬೆರಳುಗಳು. ಇದು ಸೂಜಿದಾರದ ಕೆಲಸವಲ್ಲ ಎಂದು ಅಕ್ಕನಿಗೆ ತಿಳಿಯಿತು. ಇದ್ದೊಬ್ಬ ಸರ್ಜನ್ ಅವನನ್ನು ಆಪರೇಷನ್ ಕೋಣೆಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ಅಕ್ಕ ಹೊರಗೆ ಉಳಿದರು, ಡ್ಯೂಟಿಯಲ್ಲಿ.

ಮುಂದಿನ ಗಾಯಾಳುವಾಗಿ ಮೇಜಿಗೆ ಬಂದವನು ಒಡೆದ ತಲೆಯ ಹುಡುಗ. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಕೂದಲು ಬೋಳಿಸುತ್ತಿದ್ದಂತೆ ತಾನಾಗಿಯೇ ಬಾಯಿ ಬಿಟ್ಟ.

“ಚಾಕು ತರ್ತಾನೇ ಇರ್ಲಿಲ್ಲ ಸಿಸ್ಟರ್. ಆ ಕಡೆ ಹೊಲಿಗೆ ಅಂತ ದೊಡ್ಡ ರೌಡಿ ಇದ್ದಾನಂತೆ. ಎಲ್ಲರನ್ನೂ ಮಲಗಿಸ್ತೀನಿ ಅಂತ ಬರೆದಿದ್ದ. ಹೆದರಿಕೆ ಆಯ್ತು.”

ತಮ್ಮನ ಅಂಗೈ ಸೀಳಿದ್ದು ಯಾರ ಮಾತು ಎಂದು ಅಕ್ಕನಿಗೆ ಗೊತ್ತಾದದ್ದು ಆಗಲೇ.

“ಆ ರೌಡಿ ನಾನೇ,” ಎಂದರು. “ತಲೆ ಅಲ್ಲಾಡಿಸಬೇಡ.”

ಹುಡುಗ ಕಿರುಚಿದ ಸದ್ದು ವರಾಂಡದ ತುದಿಯವರೆಗೂ ಕೇಳಿಸಿತಂತೆ. ಒಂಬತ್ತು ಹೊಲಿಗೆ ಬಿತ್ತು. ಹೊಲಿದು ಮುಗಿಸಿ ಪೊಲೀಸರ ಕೈಗೆ ಒಪ್ಪಿಸಿದರು.

ಐದು ತಿಂಗಳು, ಎರಡು ಆಪರೇಷನ್ ಕಳೆದವು. ತಮ್ಮನ ತೋರುಬೆರಳು ಅರ್ಧ ಬಾಗುತ್ತದೆ, ಹೆಬ್ಬೆರಳು ಬಾಗುವುದೇ ಇಲ್ಲ. ಅವನೀಗ ಅದೇ ಅಂಗಡಿಯಲ್ಲಿ ಗಿರಾಕಿಗಳ ತಲೆ ತೊಳೆಯುತ್ತಾನೆ; ಮೀಸೆ ತಿದ್ದುವುದು ಪಕ್ಕದ ಕುರ್ಚಿಯವನು. ಒಂದು ದಿನ ಮನೆಯಲ್ಲಿ, ಮಲಗಿಸಿ ಅಂತ ಯಾಕೆ ಬರೆದೆ ಎಂದು ಅವನು ಕೇಳಿದ. ನಾನೇ ಅಂದ್ಕೋ ಅಂತ ನೀನ್ಯಾಕೆ ಹೇಳಿದೆ ಎಂದು ಇವರು ಕೇಳಿದರು. ಆಮೇಲೆ ಇಬ್ಬರೂ ಊಟಕ್ಕೆ ಕೂತರು. ಕಟ್ಟೆಯಿಂದ ಇಬ್ಬರೂ ಹೊರಬಿದ್ದಿದ್ದಾರೆ. ಅಧ್ಯಕ್ಷರು ವಿಷಾದ ಸೂಚಿಸಿ ಪ್ರಕಟಣೆ ಹೊರಡಿಸಿದರು. ಅದರ ಕೆಳಗೂ ಎರಡೂ ಕಡೆಯವರು ಜಗಳ ಮುಂದುವರಿಸಿದ್ದಾರೆ.

ಮೊನ್ನೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವರ ಎದುರು ಕೂತು ಚಹಾ ಕುಡಿಯುವಾಗ ನಾನು ಗಂಟಲು ಸರಿಮಾಡಿಕೊಂಡು, ತಮ್ಮನ ಕೈ ಸೀಳಿದ ಆ ಹುಡುಗನ ತಲೆ ಹೊಲಿಯುವಾಗ ನಿಮ್ಮ ಮನಸ್ಸಿನಲ್ಲಿ ಕ್ಷಮೆ ಉಕ್ಕಿಬಂತೇ ಎಂದು ಕೇಳಿದೆ.

“ಇಲ್ಲಪ್ಪ,” ಎಂದರು. “ಮೊದಲ ಮೂರು ಹೊಲಿಗೆ ಮರಗಟ್ಟೋ ಇಂಜೆಕ್ಷನ್ ಕೊಡದೇ ಹಾಕಿದೆ. ನಾಲ್ಕನೇದಕ್ಕೆ ಕೊಟ್ಟೆ. ಒದ್ದಾಡ್ತಿದ್ದ, ಹೊಲಿಗೆ ಸೊಟ್ಟ ಬೀಳ್ತಿತ್ತು.”