ಸಭೆಗೆ ಬಾರದವನ ಕುರ್ಚಿ

ಹೆಲ್ಮರ್ ಟೌನ್‌ಶಿಪ್‌ನಲ್ಲಿ ಊರು ಅನ್ನುವಂಥದ್ದೇ ಇಲ್ಲ. ನಾರ್ತ್ ಡಕೋಟದ ಬಯಲಿನಲ್ಲಿ ಆರು ಮೈಲಿ ಉದ್ದ, ಆರು ಮೈಲಿ ಅಗಲದ ನೆಲ, ನೆಟ್ಟಗೆ ಹೋಗುವ ಜಲ್ಲಿ ರಸ್ತೆಗಳು, ಅಲ್ಲೊಂದು ಇಲ್ಲೊಂದು ಮನೆ, ನಡುವೆ ಯಾರ ಮಾತಿಗೂ ಬಗ್ಗದ ಬಾತುಕೆರೆ. ಅಂಗಡಿಯಿಲ್ಲ, ಪೊಲೀಸರಿಲ್ಲ. ಸರ್ಕಾರ ಮಾತ್ರ ಇದೆ: ಮೂವರು ಮೇಲ್ವಿಚಾರಕರು. ರಸ್ತೆಗೆ ಜಲ್ಲಿ ಬೇಕೇ, ಮೋರಿ ಕಟ್ಟಿಕೊಂಡಿತೇ, ಹಿಮ ತಳ್ಳುವ ಗಾಡಿ ಬರಲಿಲ್ಲವೇ, ಎಲ್ಲದಕ್ಕೂ ಅವರೇ ಗತಿ. ಬೈಗುಳಕ್ಕೂ ಅವರೇ.

ಆ ಮೂವರಲ್ಲಿ ಹಿರಿಯ ಆರ್ಡೆಲ್ ಬ್ರೆಕ್ಕೆ. ಅವನೇನು ಆಸೆಪಟ್ಟು ಹತ್ತಿದ ಕುರ್ಚಿಯಲ್ಲ ಅದು. ಮಾರ್ಚ್ ತಿಂಗಳ ಊರಸಭೆಯಲ್ಲಿ ಅದು ನನಗಿರಲಿ ಎನ್ನುವ ಪುಣ್ಯಾತ್ಮ ಯಾರೂ ಸಿಗುವುದಿಲ್ಲ. ಬಂದವರೆಲ್ಲ ತಲೆ ತಗ್ಗಿಸಿ ಕಾಫಿ ಕಲಕುತ್ತ ಕೂತು, ಕೊನೆಗೆ ಬಾರದವನ ಹೆಸರನ್ನು ಚೀಟಿಯಲ್ಲಿ ಬರೆದು ಹಾಕುತ್ತಾರೆ. ಆರ್ಡೆಲ್ ಪ್ರಾಯದಲ್ಲಿ ಒಂದು ವರ್ಷ, ಹಸು ಕರು ಹಾಕುತ್ತಿದೆಯೆಂದು ಕೊಟ್ಟಿಗೆಯಲ್ಲೇ ಉಳಿದ. ಸಂಜೆಗೆ ಅವನು ಮೇಲ್ವಿಚಾರಕ! ಆಮೇಲೆ ಬೇಡವೆನ್ನಲು ಬಾಯಿ ಬರದೆ ತಲೆ ನರೆಯಿತು. ಈ ಸಲ ಮಾತ್ರ ಸಭೆಗೆ ಹೋಗಿ, ಎದ್ದು ನಿಂತು, ಸಾಕಪ್ಪಾ ಸಾಕು ಎಂದುಬಿಡಬೇಕು ಎಂದುಕೊಂಡಿದ್ದ.

ಅಷ್ಟರಲ್ಲಿ ಕೆರೆರಸ್ತೆಯ ಗೋಳು ಬಂತು. ವರ್ಷವರ್ಷವೂ ಕೆರೆ ಉಬ್ಬಿ ಆ ರಸ್ತೆಯನ್ನು ಮುಳುಗಿಸುತ್ತಿತ್ತು. ಇವರು ಜಲ್ಲಿ ಸುರಿದು ಎತ್ತರಿಸುವುದು, ಅದು ನುಂಗುವುದು. ಕಳೆದ ವಸಂತದಲ್ಲಿ ಶಾಲೆಯ ಬಸ್ಸೇ ನೀರಿಗೆ ಜಾರುವುದರಲ್ಲಿತ್ತು. ರಸ್ತೆ ಮುಚ್ಚಿದರೆ ಉಳಿದವರಿಗೆ ಸುತ್ತು, ಅಷ್ಟೇ. ಆದರೆ ಆಚೆ ದಡದಲ್ಲಿ ಆರ್ಡೆಲ್‌ನ ಅಕ್ಕ ಜುವೆಲ್‌ಳ ಹಸುಗಳಿದ್ದವು. ಅಷ್ಟು ಸುತ್ತಿ ಹಾಲಿನ ಲಾರಿ ಬರುವುದಿಲ್ಲವೆಂದು ಡೈರಿಯವರು ಮೊದಲೇ ಹೇಳಿಬಿಟ್ಟಿದ್ದರು. ಲಾರಿ ನಿಂತರೆ ಹಸು ಮಾರಬೇಕು.

ಫೆಬ್ರವರಿಯಲ್ಲಿ ಮೇಲ್ವಿಚಾರಕರು ಕೂತಾಗ ಒಬ್ಬ ಮುಚ್ಚೋಣವೆಂದ, ಇನ್ನೊಬ್ಬ ಬೇಡವೆಂದ. ಇಬ್ಬರೂ ಆರ್ಡೆಲ್‌ನ ಮುಖ ನೋಡಿದರು. ಜುವೆಲ್ ಎದುರಿನ ಬೆಂಚಿನಲ್ಲೇ ಕೂತಿದ್ದಳು.

"ಮುಚ್ಚೋಣ," ಎಂದ ಆರ್ಡೆಲ್.

ಜುವೆಲ್ ಎದ್ದು ಕೋಟು ಹಾಕಿಕೊಂಡಳು. "ಲೋ, ನಿಂಗೆ ಸೈಕಲ್ ಕಲಿಸಿದ್ದು ಅದೇ ರಸ್ತೆ ಮೇಲೆ ಕಣೋ," ಎಂದಷ್ಟೇ ಹೇಳಿ ಹೊರಟುಹೋದಳು.

ಹಸುಗಳನ್ನು ಸಾಗಿಸಿದ ದಿನ ಆರ್ಡೆಲ್ ಅತ್ತ ಸುಳಿಯಲಿಲ್ಲ. ಮಾಡಿದ್ದು ಸರಿಯೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಅನ್ನನೀರು ಸೇರಲಿಲ್ಲ.

ಊರಸಭೆಯ ದಿನ ಒಗೆದ ಅಂಗಿ ತೊಟ್ಟು, ಗಾಡಿಯ ಕೀಲಿ ಹಿಡಿದು ಬಾಗಿಲಿಗೆ ಬಂದ. ಅದೇ ಹೊತ್ತಿಗೆ ಜುವೆಲ್‌ಳ ಹಳೆಯ ಪಿಕಪ್ ಅವನ ಮನೆಯ ಮುಂದೆ ಹಾದುಹೋಯಿತು. ಹಿಂದೆಂದೂ ಅವಳು ಈ ದಾರಿಯಲ್ಲಿ ಸಭೆಗೆ ಹೋದವಳಲ್ಲ. ಈಗ ಬೇರೆ ದಾರಿಯಿಲ್ಲವಲ್ಲ. ಆರ್ಡೆಲ್ ಕೀಲಿಯನ್ನು ಮೊಳೆಗೆ ತಗುಲಿಸಿ ಒಳಗೆ ಬಂದ. ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ಅಡುಗೆಮನೆಯ ಕುರ್ಚಿಯಲ್ಲಿ ಕೂತವನು ಕೂತೇ ಇದ್ದ. ಮನೆಯಲ್ಲಿ ಉಳಿದರೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹೊತ್ತು ಮುಳುಗುವ ಮುಂಚೆ ಬಾಗಿಲು ತಟ್ಟಿದ ಸದ್ದಾಯಿತು. ಸಭೆಯಲ್ಲಿ ಮಿಕ್ಕ, ಆಲೂಗಡ್ಡೆ ಮಾಂಸ ಸೇರಿಸಿ ಬೇಯಿಸಿದ ಹಾಟ್‌ಡಿಶ್‌ನ ಪಾತ್ರೆ ಹಿಡಿದು ಜುವೆಲ್ ನಿಂತಿದ್ದಳು.

"ತಗೊಳ್ಳಿ ಮೇಲ್ವಿಚಾರಕರೇ, ತಿನ್ನಿ. ಮೋರೆ ನೋಡು, ಸುಟ್ಟ ಬದನೆಕಾಯಿ!"

"ಯಾರು ನನ್ನ ಹೆಸ್ರು ಬರೆದಿದ್ದು?"

"ಮೊದಲು ಬರೆದೋಳು ನಾನೇ. ಬರೆದು, ಎಲ್ರಿಗೂ ಕೇಳೋ ಹಾಗೆ ಓದ್ದೆ."

"ಅಕ್ಕಾ, ನಿನ್ನ ಹಸು ಮಾರಿಸಿದೋನು ನಾನು."

"ಹೂಂ, ನೀನೇ. ಸಾಯೋವರೆಗೂ ಅದನ್ನ ಎತ್ತಾಡ್ತೀನಿ, ಬಿಡಲ್ಲ." ಅವಳು ಪಾತ್ರೆಯನ್ನು ಅವನ ಕೈಗೆ ತುರುಕಿದಳು. "ಕೊಟ್ಟಿಗೆ ಖಾಲಿ ಹೊಡೀತಿದೆ ಕಣೋ. ಬೆಳಿಗ್ಗೆ ಎದ್ದು ಏನ್ಮಾಡ್ಬೇಕು ಅಂತ್ಲೇ ತೋಚಲ್ಲ. ಆದ್ರೂ ಒಡಹುಟ್ಟಿದೋಳ ರಸ್ತೇನೇ ಮುಚ್ಚಿದೋನು ಇನ್ಯಾರ ಮುಲಾಜಿಗೂ ಬೀಳಲ್ಲ ಅಂದೆ. ಎಲ್ರೂ ನಿನ್ನ ಹೆಸ್ರೇ ಬರೆದು ಹಾಕಿದ್ರು."

ಆರ್ಡೆಲ್ ಪಾತ್ರೆ ಹಿಡಿದು ಹಾಗೆಯೇ ನಿಂತ. ಕಣ್ಣು ತುಂಬಿ ಬಂದದ್ದನ್ನು ಒರೆಸಲು ಕೈ ಬಿಡುವಿರಲಿಲ್ಲ.

"ಅಳೋದು ಆಮೇಲೆ ಅಳು," ಎಂದಳು ಜುವೆಲ್. "ನಿನ್ನ ಗೇಟಿನ ಮುಂದೆ ಇರೋ ಗುಂಡೀಲಿ ನನ್ನ ಗಾಡಿ ಕುಕ್ಕರಿಸ್ತು. ಇನ್ಮೇಲೆ ದಿನಾ ಇದೇ ದಾರೀಲಿ ಬರ್ಬೇಕು ನಾನು. ಯಾವಾಗ ಮುಚ್ಚಿಸ್ತೀಯಾ?"

ಅವನು ಪಾತ್ರೆಯನ್ನು ಮೇಜಿನ ಮೇಲಿಟ್ಟು, ಸಲಿಕೆ ತೆಗೆದುಕೊಂಡು ಅವಳ ಹಿಂದೆಯೇ ಹೊರಗೆ ಬಂದ. ಗುಂಡಿ ನಿಜಕ್ಕೂ ಆಳವಾಗಿತ್ತು.