ಇನ್ನೊಬ್ಬರ ಮಂಡಿ ಹೊತ್ತು ಓಡುವ ನಾಗವೇಣಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಡಿಯಾಳಿಯಿಂದ ಮೊದಲ ಬಸ್ಸಿಗೆ ಮಣಿಪಾಲಕ್ಕೆ ಬಂದ ಆಯಾ ನಾಗವೇಣಿ ಆಸ್ಪತ್ರೆಯ ಹಿಂಬಾಗಿಲ ಬಳಿ ಕುಳಿತು ಡಬ್ಬಿಗೆ ಐಸು ತುಂಬುತ್ತಿದ್ದಾರೆ. ಇವತ್ತಿನ ಮೊದಲ ಮಂಡಿ ಕಾಪುವಿನ ಮೀನು ಮಾರುವ ಹೆಂಗಸಿನದು. ಸವೆದ ಮಂಡಿ ತೆಗೆದು ಡಾಕ್ಟರು ಲೋಹದ್ದು ಕೂರಿಸುತ್ತಾರೆ. ತೆಗೆದ ಚೂರು ಕಸಕ್ಕೆ ಹೋಗುವುದಿಲ್ಲ, ಈ ಡಬ್ಬಿಗೆ ಬರುತ್ತದೆ. ಅದರ ಮೇಲಿನ ಮೆತ್ತನೆ ಪದರದಲ್ಲಿ ಜೀವ ಇರುವಾಗಲೇ ಪ್ರಯೋಗಾಲಯ ಮುಟ್ಟಬೇಕು. ಲಿಫ್ಟಿಗೆ ಕಾಯುತ್ತಾ ನಿಲ್ಲುವ ಜಾಯಮಾನ ನಾಗವೇಣಿಯವರದಲ್ಲ, ಮೆಟ್ಟಿಲಲ್ಲೇ ಓಟ.

"ಬಂದ್ಯಾ ಮಾರಾಯ್ತಿ? ಕೊಡು, ಕೊಡು," ಎಂದು ಪ್ರಯೋಗಾಲಯದ ಗ್ಲ್ಯಾಡಿಸ್ ಕೈ ಚಾಚುತ್ತಾರೆ. ಸವೆದ ಮಂಡಿಯಲ್ಲಿ ಜೀವಕೋಶಗಳು ಹೇಗೆ ಸಾಯುತ್ತವೆ ಎಂಬುದು ಇಲ್ಲಿಯವರ ಹುಡುಕಾಟ. ನಾಗವೇಣಿಗೆ ಅದನ್ನು ಬಿಡಿಸಿ ಹೇಳಿದವರೂ ಗ್ಲ್ಯಾಡಿಸ್ಸೇ. "ಕೆಲವು ಕೋಶ ಸುಮ್ಮನೆ ಸಾಯ್ತದೆ. ಕೆಲವು ಒಡೆದು ಸಾಯ್ತದೆ, ಹೋಗುವಾಗ ಪಕ್ಕದ ಮನೆಗೂ ಬೆಂಕಿ ಕೊಟ್ಟು ಹೋಗ್ತದೆ. ಮಂಡಿ ಬಾತು ಬಿಸಿ ಆಗುವುದು ಅದಕ್ಕೇ. ಆ ಬೆಂಕಿ ನಂದಿಸುವ ಮದ್ದು ಇನ್ನೂ ಸಿಕ್ಕಿಲ್ಲ, ಅಲ್ವಾ?"

ಆ ಮಾತು ಕೇಳಿದ ದಿನ ನಾಗವೇಣಿಗೆ ನೆನಪಾದದ್ದು ತಮ್ಮ ಅವ್ವನ ಮಂಡಿ.

ಬಾಗಲಕೋಟೆ ಕಡೆಯಿಂದ ದುಡಿಯಲು ಬಂದ ಮನೆತನ ಇವರದು. ತಾಯಿ ಭಾಗವ್ವ ಕಾರ್ಕಳದಲ್ಲಿ, ಮಣಿಪಾಲದಲ್ಲಿ ಕಟ್ಟಡಗಳಿಗೆ ಕೆಂಪು ಮುರಕಲ್ಲು ಹೊತ್ತವರು. ಎಷ್ಟೋ ಮಹಡಿಗಳು ಆ ನೆತ್ತಿಯ ಮೇಲೆ ಕೂತೇ ಮೇಲೇರಿದವು. ಕೊನೆಗೆ ಮಂಡಿ ಕೈಕೊಟ್ಟಿತು. ನಮ್ಮ ನಾಗವೇಣಿಯ ತಾಯಿ ಎಂದು ಡಾಕ್ಟರೇ ಮುತುವರ್ಜಿಯಿಂದ ಆಪರೇಷನ್ನಿಗೆ ದಿನ ಗೊತ್ತುಮಾಡಿದರು. ಅದು ಎರಡು ಸಾವಿರದ ಮೂರರ ಬೇಸಗೆ. ಅದಕ್ಕೆ ಮೊದಲು ಮನೆದೇವರಿಗೆ ಕಾಯಿ ಒಡೆಸಿ ಬರೋಣವೆಂದು ತಾಯಿ-ಮಗಳು ಊರಿಗೆ ಹೋದರು.

ಅಲ್ಲಿ ಸೋದರಮಾವ ಬಾಲಪ್ಪ, "ಕಾಲು ಯಾಕ ಕೊಯ್ಸತಿ? ಒಂದ ಬರೆ ಹಾಕಿದ್ರ ಬಾವು ಇಳೀತೈತಿ," ಎಂದರು. ಕುಡುಗೋಲು ಕಾಯಿಸಿ ಮಂಡಿಗೆ ಒತ್ತುವುದು ಆ ಕಡೆಯ ಹಳೆಯ ವಾಡಿಕೆ. ಬಾಲಪ್ಪ ಕೆಟ್ಟವರಲ್ಲ, ಹಿರಿಯರು ಮಾಡಿದ್ದನ್ನೇ ಮಾಡಿದರು. ಆದರೆ ಎಂಥ ಹೊತ್ತಿನಲ್ಲಿ ಮಾಡಿದರು, ಛೇ! ಅವ್ವನ ಕಾಲು ಒತ್ತಿ ಹಿಡಿದದ್ದು ನಾಗವೇಣಿಯ ಕೈ. ಸುಟ್ಟ ಗಾಯ ಕೀವಾಯಿತು, ಕೀವು ಸಂಧಿಯೊಳಗೆ ಇಳಿಯಿತು. ನಂಜೇರಿದ ಮಂಡಿಯಲ್ಲಿ ಲೋಹ ನಿಲ್ಲುವುದಿಲ್ಲವೆಂದು ಡಾಕ್ಟರು ಕೈಚೆಲ್ಲಿದರು.

"ಒಳಗ ಬೆಂಕಿ ಉರಿಯಾಕ ಹತ್ತಿತ್ರೀ, ನಾವು ಮ್ಯಾಲೂ ಬೆಂಕಿ ಇಟ್ಟಿವಿ. ಆಸ್ಪತ್ರ್ಯಾಗ ದುಡಿಯಾಕಿ ನಾ! ನನ್ನ ಬುದ್ಧಿ ಎಲ್ಲಿ ಹುಲ್ಲು ಮೇಯಾಕ ಹೋಗಿತ್ತೋ!" ಎನ್ನುವಾಗ ನಾಗವೇಣಿ ಸೆರಗಿನ ತುದಿ ಹಿಂಡುತ್ತಾರೆ. ಭಾಗವ್ವ ಈಗ ಬಾಡಿಗೆ ಕೋಣೆಯಲ್ಲಿ ಕುಳಿತೇ ತೆವಳಿ ಒಲೆ ಹಚ್ಚುತ್ತಾರೆ. "ಅವ್ವ ಒಂದ ದಿನಾನೂ ಬೈದಿಲ್ರೀ. ಬೈದಿದ್ರ ಚಲೋ ಇತ್ತು."

ಗ್ಲ್ಯಾಡಿಸ್ ತೊಳೆದ ಡಬ್ಬಿ ವಾಪಸು ಕೊಡುತ್ತಾರೆ. ಎರಡನೆಯ ಮಂಡಿಗೆ ಕರೆ ಬಂದಿದೆ. ನಾಗವೇಣಿ ಐಸು ತುಂಬಿ ಮುಚ್ಚಳ ಒತ್ತುತ್ತಾರೆ.

"ಮದ್ದು ಸಿಕ್ಕರ ಸಿಗಲಿ, ಮುಂದಿನವರಿಗೆ ಆಗ್ಲಿ. ಆದ್ರ ನಮ್ಮವ್ವನ ಮಂಡಿ ಚೂರೂ ಒಂದ ದಿನ ಈ ಡಬ್ಬ್ಯಾಗ ಬರಬೇಕಿತ್ರೀ. ನಾನ ಹೊತ್ತು ಓಡತಿದ್ದೆ."